ಮಂಡಿಯ ಉತ್ತರ ಮರುದಿನ ಬರುತ್ತದೆ

ಎಲ್ಲರಿಗೂ ನಮಸ್ಕಾರ.

ಊರುಗೋಲು ಪಕ್ಕಕ್ಕಿಟ್ಟು ಕೂತವರು ಇದ್ದೀರಿ, ಅವರನ್ನು ಕರೆತಂದ ಮನೆಯವರೂ ಇದ್ದೀರಿ. ಮಂಡಿಯ ಮೂಳೆಗಳನ್ನು ಹಿಡಿದಿಡುವ ಪಟ್ಟಿ, ಅಂದರೆ ಲಿಗಮೆಂಟ್, ಹರಿದುಕೊಂಡು ನನ್ನ ಹತ್ತಿರ ಬರುವವರು ಮೊದಲು ಕೇಳುವುದು, "ಮತ್ತೆ ಓಡೋದು ಯಾವಾಗ?" ಎಂದು. ನಾನು ಮೊದಲು ನೋಡುವುದು, ಮಲಗಿದಾಗ ಕಾಲು ಪೂರ್ತಿ ನೇರವಾಗುತ್ತದೆಯೇ ಎಂದು.

ಮಡಚುವುದು ಸಾಮಾನ್ಯವಾಗಿ ನಿಧಾನಕ್ಕೆ ಬರುತ್ತದೆ. ನೇರ ಮಾಡುವುದನ್ನು ಮೊದಲ ವಾರಗಳಲ್ಲಿ ಕಳೆದುಕೊಂಡರೆ ಆಮೇಲೆ ತರಲು ಬಹಳ ಕಷ್ಟ. ಹಾಯೆನಿಸುತ್ತದೆ ಎಂದು ಮಂಡಿಯ ಕೆಳಗೆ ದಿಂಬಿಟ್ಟು ಮಲಗುತ್ತೀರಲ್ಲ, ಅದನ್ನು ದಯವಿಟ್ಟು ಬಿಡಿ. ಮಂಡಿ ಬಾಗಿದ ಹಾಗೇ ಬಿಗಿದುಕೊಳ್ಳುತ್ತದೆ. ನಿಮ್ಮ ಸರ್ಜನ್ ಬೇರೆ ಹೇಳಿರದಿದ್ದರೆ, ಸುತ್ತಿದ ಟವೆಲನ್ನು ಹಿಮ್ಮಡಿಯ ಕೆಳಗಿಡಿ.

ಇನ್ನು ತೊಡೆ. ಎರಡೇ ವಾರದಲ್ಲಿ ತೊಡೆ ಸೊರಗಿದ್ದು ಕಂಡು ಗಾಬರಿಯಾಗುತ್ತಾರೆ. ಕೀಲಿನೊಳಗೆ ನೀರು ತುಂಬಿದಾಗ ನರಮಂಡಲವೇ ತೊಡೆಯ ಮುಂಭಾಗದ ಸ್ನಾಯುವನ್ನು ತಡೆದು ಹಿಡಿಯುತ್ತದೆ. ನೀವು ಎಷ್ಟು ಹಟ ಮಾಡಿದರೂ ಅದಕ್ಕೆ ಪೂರ್ತಿ ಆಜ್ಞೆ ತಲುಪುವುದಿಲ್ಲ. ಅದಕ್ಕೇ ಊತ ಇಳಿಸುವುದೂ ವ್ಯಾಯಾಮದ ಭಾಗವೇ. ಕಾಲು ಚಾಚಿ ಕೂತು, ಮಂಡಿಚಿಪ್ಪಿನ ಮೇಲ್ಗಡೆ ಅಂಗೈ ಇಡಿ. ಮಂಡಿಯ ಹಿಂಭಾಗವನ್ನು ಹಾಸಿಗೆಗೆ ಒತ್ತಿ, 5 ಸೆಕೆಂಡ್ ಹಿಡಿದು ಬಿಡಿ. ಮೊದಲ ದಿನ ಅಂಗೈ ಕೆಳಗೆ ಏನೂ ತಿಳಿಯದೇ ಇರಬಹುದು. ಒಂದು ದಿನ ಸ್ನಾಯು ಅದುರುತ್ತದೆ, ಚಿಪ್ಪು ತುಸು ಮೇಲಕ್ಕೆ ಜರುಗುತ್ತದೆ. ಆ ಅದುರು ಸಿಕ್ಕಾಗ ಕಣ್ಣೀರು ಹಾಕಿದವರನ್ನು ನೋಡಿದ್ದೇನೆ.

ಎಷ್ಟು ಮಾಡಬೇಕು? ಮಂಡಿ ಆ ಹೊತ್ತಿಗೇ ಉತ್ತರ ಕೊಡುವುದಿಲ್ಲ. ಮಾಡುವಾಗ ಸ್ವಲ್ಪ ನೋವು ಬಂದರೆ ತಪ್ಪಿಲ್ಲ. ಮರುದಿನ ಎದ್ದ ಕೂಡಲೇ ಚಿಪ್ಪಿನ ನಡುಮಟ್ಟದಲ್ಲಿ ಟೇಪು ಸುತ್ತಿ ಅಳೆಯಿರಿ, ಬರೆದಿಡಿ. ಅಳತೆ ಹಿಂದಿನ ದಿನದಷ್ಟೇ ಇದ್ದರೆ ಮುಂದುವರಿಯಿರಿ. ಮಂಡಿ ಊದಿಕೊಂಡು ಬಿಸಿಯಾಗಿದ್ದರೆ ನಿನ್ನೆ ಹೆಚ್ಚಾಗಿದೆ. ಊತ ಇಳಿಯುವ ತನಕ ಹಿಂದಿನ ಹಂತಕ್ಕೆ ಹೋಗಿ. ನೋವಿನ ಮಾತ್ರೆ ನುಂಗಿ ವ್ಯಾಯಾಮ ಮಾಡುವವರು ಈ ಸೂಚನೆಯನ್ನೇ ಮುಚ್ಚಿಹಾಕುತ್ತಾರೆ.

ಎಸಿಎಲ್, ಅಂದರೆ ಮಂಡಿಯೊಳಗೆ ಅಡ್ಡಹಾಯುವ ಮುಂದಿನ ಲಿಗಮೆಂಟಿನ ಶಸ್ತ್ರಚಿಕಿತ್ಸೆ ಆದವರು ಇದನ್ನು ಗಮನವಿಟ್ಟು ಕೇಳಿ. ಹರಿದ ಲಿಗಮೆಂಟಿನ ಜಾಗದಲ್ಲಿ ಹೊಸದಾಗಿ ಕೂರಿಸಿದ ಸ್ನಾಯುರಜ್ಜುವಿಗೆ ಮೊದಲು ರಕ್ತ ಪೂರೈಕೆಯೇ ಇರುವುದಿಲ್ಲ. ಹಳೆಯ ಜೀವಕೋಶಗಳು ಸಾಯುತ್ತವೆ, ಹೊಸ ರಕ್ತನಾಳಗಳು ನುಗ್ಗುತ್ತವೆ, ನಾರುಗಳು ಮರುಜೋಡಣೆಯಾಗುತ್ತವೆ. ಸುಮಾರು 6ರಿಂದ 12 ವಾರಗಳ ನಡುವೆ ಅದು ಬಹಳ ದುರ್ಬಲ. ನೋವು ಹೋಗಿ, ಕುಂಟು ಹೋಗಿ, "ವಾಸಿಯಾಯ್ತು" ಅನ್ನಿಸುವುದೂ ಅದೇ ಹೊತ್ತಿಗೆ. ಬಸ್ಸಿಗೆ ಓಡುವುದು, ಮಗುವನ್ನೆತ್ತಿಕೊಂಡು ಗಕ್ಕನೆ ತಿರುಗುವುದು, ಇವೆಲ್ಲ ಆಗಲೇ ನಡೆಯುತ್ತವೆ. ಆ ದಿನಗಳಲ್ಲಿ ನಿಂತಲ್ಲೇ ಇರುವ ವ್ಯಾಯಾಮದ ಸೈಕಲ್ ತುಳಿಯಿರಿ, ಗೋಡೆ ಹಿಡಿದು ಅರ್ಧ ಮಾತ್ರ ಕೂತೇಳಿ. ಪಾದ ಊರಿಕೊಂಡೇ ತಿರುಚಬೇಡಿ. ಜಿಮ್ಮಿನಲ್ಲಿ ಕೂತು ಭಾರವನ್ನು ಕಾಲಿನಿಂದ ಎತ್ತುವ ಯಂತ್ರಕ್ಕೆ ಫಿಸಿಯೋ ಒಪ್ಪಿಗೆ ಬೇಕೇ ಬೇಕು.

ಗಕ್ಕನೆ ತಿರುಗುವ, ಜಿಗಿಯುವ ಆಟಕ್ಕೆ 9 ತಿಂಗಳಿಗೆ ಮೊದಲು ಇಳಿಯಬೇಡಿ. ತಿಂಗಳು ತುಂಬಿದ ಮಾತ್ರಕ್ಕೂ ಸಾಲದು. ಪೆಟ್ಟಾದ ಕಾಲಿನ ಶಕ್ತಿ ಇನ್ನೊಂದರ ಶೇ. 90ರಷ್ಟಾದರೂ ಆಗಿರಬೇಕು. ಕ್ಯಾಲೆಂಡರ್ ನೋಡಿ ಆಟಕ್ಕಿಳಿದವರು ಮತ್ತೆ ನನ್ನ ಹತ್ತಿರ ಬಂದಾಗ ನಿಜಕ್ಕೂ ಸಂಕಟವಾಗುತ್ತದೆ.

ಮೀನಖಂಡದಲ್ಲಿ ಊತ, ನೋವು ಬಂದರೆ ಉಜ್ಜಬೇಡಿ, ರಕ್ತ ಹೆಪ್ಪುಗಟ್ಟಿರಬಹುದು. ಜ್ವರ, ಗಾಯದಲ್ಲಿ ಕೀವು, ಮಂಡಿ ಸಿಕ್ಕಿಕೊಂಡ ಹಾಗಾಗುವುದು, ಇವು ಕಂಡರೂ ಅಷ್ಟೇ, ಅಂದೇ ವೈದ್ಯರಿಗೆ ತೋರಿಸಿ. ಜೊತೆಗೆ ಏದುಸಿರು, ಎದೆನೋವು ಬಂದರೆ ತಡಮಾಡದೆ ತುರ್ತು ಚಿಕಿತ್ಸೆಗೆ ಹೋಗಿ.

ಅಳತೆಯ ಟೇಪು ತಂದಿದ್ದೇನೆ. ಮುಂದಿನ ಸಾಲಿನವರು ಕಾಲು ಚಾಚಿ ಕೂರಿ. ಎರಡೂ ಮಂಡಿ ಅಳೆದು ಬರೆದುಕೊಳ್ಳೋಣ.