ಪ್ರೊಫೈಲ್‌ನಲ್ಲಿ ಕಾಸರಗೋಡು ಅಂತಲೇ ಬರೆಯಿರಿ

ನಮಸ್ಕಾರ. ಕುಂಬಳೆ, ಉಪ್ಪಳ, ಬದಿಯಡ್ಕ, ಮುಳ್ಳೇರಿಯ, ಎಲ್ಲಿಂದ ಕೇಳುತ್ತಿದ್ದರೂ ಸರಿ, ಇವತ್ತಿನ ಮಾತು ಮನೆಯಲ್ಲೇ ಕೂತು ಸ್ವಂತ ಕೆಲಸ ಮಾಡುವವರಿಗೆ. ಅನುವಾದ, ಡಿಸೈನ್, ವಿಡಿಯೊ ಎಡಿಟಿಂಗ್, ಜಿಎಸ್‌ಟಿ ಲೆಕ್ಕ, ಏನೇ ಇರಲಿ. ಕೆಲಸ, ವ್ಯವಹಾರದ ಪರಿಚಯಕ್ಕೆಂದೇ ಇರುವ ಜಾಲತಾಣ ಲಿಂಕ್ಡ್‌ಇನ್, ಅಲ್ಲಿನ ನಿಮ್ಮ ಪ್ರೊಫೈಲ್ ಬಗ್ಗೆ ಸ್ವಲ್ಪ ಖಡಾಖಂಡಿತವಾಗಿಯೇ ಹೇಳಬೇಕು ಅಂತಿದ್ದೇನೆ.

ನಮ್ಮ ಕಡೆಯವರ ಪ್ರೊಫೈಲ್ ತೆಗೆದರೆ ಊರಿನ ಜಾಗದಲ್ಲಿ ಬೆಂಗಳೂರು ಅಂತ ಇರುತ್ತದೆ. ಇಲ್ಲವೇ ಮಂಗಳೂರು. ವಾಸ ಮಾತ್ರ ಪೆರ್ಲದಲ್ಲಿ. ಭಾಷೆಗಳು ಅನ್ನುವಲ್ಲಿ ಇಂಗ್ಲಿಷ್, ಹಿಂದಿ, ಅಷ್ಟೇ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳಂ ಮಾತಾಡಿ ಬೆಳೆದ ಹುಡುಗಿ ಆ ಮೂರನ್ನೂ ಬಿಟ್ಟಿರುತ್ತಾಳೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಸಪ್ತಭಾಷೆಗಳ ನಾಡು ಅಂತ ವೇದಿಕೆ ಮೇಲೆ ಹೇಳಿಕೊಳ್ಳುವ ನಾವು, ಅದರಿಂದ ನಾಲ್ಕು ಕಾಸು ಹುಟ್ಟುವ ಜಾಗದಲ್ಲಿ ಯಾಕೆ ಸುಮ್ಮನಿರಬೇಕು?

ಬೆಂಗಳೂರು ಅಂತ ಹಾಕಿದರೆ ಜಾಸ್ತಿ ಜನ ನೋಡುತ್ತಾರೆ ಅನ್ನುವವರಿದ್ದಾರೆ. ಅಲ್ಲಿಗೆ ಹೋಗಿ ಕೆಲಸಕ್ಕೆ ಸೇರುವವರಿಗೆ ಆ ಮಾತು ಸರಿ. ನಮಗೆ ಬೇಕಾದದ್ದು ಗಿರಾಕಿ. ಇಂಗ್ಲಿಷ್ ಬಲ್ಲ ಡಿಸೈನರ್‌ಗಳಿಗೆ ಬೆಂಗಳೂರಿನಲ್ಲಿ ಏನೂ ಬರ ಇಲ್ಲ. ಕನ್ನಡ, ಮಲಯಾಳಂ ಎರಡನ್ನೂ ತಪ್ಪಿಲ್ಲದೆ ಓದಿ ಬರೆಯುವವರು ಅಲ್ಲಿ ಅಷ್ಟು ಸುಲಭಕ್ಕೆ ಸಿಗುತ್ತಾರಾ?

ಈ ಎರಡು ಭಾಷೆಯ ಕೆಲಸ ನಮ್ಮಲ್ಲಿ ನಿಜಕ್ಕೂ ಇದೆ. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು, ಆಮೇಲೆ ಕೇರಳಕ್ಕೆ ಸೇರಿತು. ಹಾಗಾಗಿ ಎಷ್ಟೋ ಮನೆಗಳ ಹಳೆ ಆಸ್ತಿ ಕಾಗದ ಕನ್ನಡದಲ್ಲಿದೆ, ಈಗಿನ ಕಚೇರಿ ನಡೆಯುವುದು ಮಲಯಾಳಂನಲ್ಲಿ. ಇತ್ತ ಕಾಸರಗೋಡಿನ ರೋಗಿಗಳು ದಿನಾ ತಲಪಾಡಿ ದಾಟಿ ಮಂಗಳೂರಿನ ಆಸ್ಪತ್ರೆಗಳಿಗೆ ಹೋಗುತ್ತಾರೆ. ಗಡಿಯ ಎರಡೂ ಕಡೆ ವ್ಯಾಪಾರ ಇರುವ ಅಂಗಡಿಗೆ ಎರಡೂ ಭಾಷೆಯ ಜಾಹೀರಾತು ಬೇಕು. ಇವರೆಲ್ಲ ಹುಡುಕುತ್ತಿರುವ ಮನುಷ್ಯ ನೀವೇ. ಆದರೆ ನಿಮ್ಮ ಪ್ರೊಫೈಲ್‌ನಲ್ಲಿ ಆ ಸುದ್ದಿಯೇ ಇಲ್ಲ.

ಈಗ ಹೆಡ್‌ಲೈನ್‌ಗೆ ಬನ್ನಿ. ಹೆಸರಿನ ಕೆಳಗಿನ ಆ ಸಾಲಿಗೆ 220 ಅಕ್ಷರದ ಮಿತಿ ಇದೆ. ಹುಡುಕಿದಾಗ ಕಾಣುವುದು ಅದರ ಮೊದಲ ಭಾಗ ಮಾತ್ರ, ಉಳಿದದ್ದು ಕತ್ತರಿಸಿ ಹೋಗುತ್ತದೆ. ಆ ಅಮೂಲ್ಯ ಜಾಗದಲ್ಲಿ ‘ಕ್ರಿಯೇಟಿವ್ ಥಿಂಕರ್, ಪ್ಯಾಶನೇಟ್ ಫ್ರೀಲಾನ್ಸರ್’ ಅಂತ ಬರೆದರೆ ಗಿರಾಕಿಗೆ ಏನು ತಿಳಿಯಿತು? ಅದರ ಬದಲು ಹೀಗೆ ಬರೆಯಿರಿ: ‘ಕನ್ನಡ–ಮಲಯಾಳಂ–ಇಂಗ್ಲಿಷ್ ಅನುವಾದ, ಆಸ್ತಿ ಮತ್ತು ಆಸ್ಪತ್ರೆ ದಾಖಲೆಗಳು, ಕಾಸರಗೋಡು’. ಯಾವ ಕೆಲಸ, ಯಾವ ಭಾಷೆ, ಎಲ್ಲಿ, ಎಲ್ಲ ಬಂತು. ಹೊರಗಿನವರೂ ಹುಡುಕುವುದರಿಂದ ಇದನ್ನು ಇಂಗ್ಲಿಷ್‌ನಲ್ಲಿ ಹಾಕಿದರೂ ತೊಂದರೆ ಇಲ್ಲ. ಮಾತು ಮಾತ್ರ ಇಷ್ಟೇ ನೇರ ಇರಲಿ.

ಅಬೌಟ್ ಅನ್ನುವ ಭಾಗದಲ್ಲೂ ಇದೇ ಕಥೆ. 2,600 ಅಕ್ಷರ ಬರೆಯಬಹುದು, ಆದರೆ ಮೊದಲ ಎರಡು ಮೂರು ಸಾಲು ಬಿಟ್ಟರೆ ಉಳಿದದ್ದು ಒತ್ತಿದ ಮೇಲೆಯೇ ತೆರೆಯುವುದು. ನಾನು ಇಂಥ ಕಾಲೇಜಿನಲ್ಲಿ ಓದಿದೆ ಅಂತ ಶುರು ಮಾಡಬೇಡಿ. ಬಂದವರ ಕಷ್ಟದಿಂದ ಶುರು ಮಾಡಿ. ‘ಅಜ್ಜನ ಕಾಲದ ಕನ್ನಡ ಕಾಗದ ಇದೆ, ಮಲಯಾಳಂ ಅನುವಾದ ಬೇಕಾ? ಮಾಡಿಕೊಡುತ್ತೇನೆ.’ ಗಲ್ಫ್‌ನಲ್ಲಿ ಕೂತು ಊರಿನ ಜಾಗದ ವ್ಯವಹಾರ ನೋಡುವವರಿಗೆ ಈ ಒಂದು ಸಾಲು ಸಾಕು.

ಭಾಷೆಗಳ ಜಾಗದಲ್ಲಿ ತುಳು, ಕೊಂಕಣಿ, ಬ್ಯಾರಿ, ಬರುವುದನ್ನೆಲ್ಲ ಹಾಕಿ. ಎಷ್ಟರ ಮಟ್ಟಿಗೆ ಬರುತ್ತದೆ ಅಂತ ಹೇಳಲು ಐದು ಹಂತ ಕೊಟ್ಟಿದ್ದಾರೆ. ಮಾತಾಡಲು ಮಾತ್ರ ಬರುವ ಭಾಷೆಗೆ ಮೇಲಿನ ಹಂತ ಹಾಕಿಕೊಳ್ಳಬೇಡಿ. ಒಂದು ಕೆಲಸ ಕೆಟ್ಟರೆ ಸುದ್ದಿ ಬೇಗ ಹರಡುತ್ತದೆ. ಫೋಟೊ ಮುಖ ಕಾಣುವ ಹಾಗಿರಲಿ, ಅದಕ್ಕಿಂತ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ. ಮಾಡಿದ ಕೆಲಸದ ಮಾದರಿ ಒಂದೆರಡು ಫೀಚರ್ಡ್ ಭಾಗದಲ್ಲಿ ಇರಲೇಬೇಕು. ಬೇರೆಯವರ ದಾಖಲೆ ಹಾಕುವಾಗ ಹೆಸರು, ಸರ್ವೆ ನಂಬರ್ ಎಲ್ಲ ಅಳಿಸಿ. ಅವರನ್ನು ಕೇಳದೆ ಹಾಕಲೇಬೇಡಿ.

ಇನ್ನು ರೆಕಮೆಂಡೇಶನ್. ಇಲ್ಲಿ ನಮ್ಮವರಿಗೆ ಭಾರಿ ಸಂಕೋಚ. ಕೆಲಸ ಚೆನ್ನಾಗಾಯಿತು ಅಂತ ವಾಟ್ಸ್‌ಆ್ಯಪ್‌ನಲ್ಲಿ ಹೇಳಿದವರ ಹತ್ತಿರ ಅದನ್ನೇ ಅಲ್ಲಿ ಬರೆದುಕೊಡಿ ಅಂತ ಕೇಳಲು ಬಾಯಿ ಬರುವುದಿಲ್ಲ. ಕೇಳಿ. ಮೊದಲು ಅವರು ನಿಮ್ಮ ಕನೆಕ್ಷನ್ ಆಗಿರಬೇಕು, ಅಂದರೆ ಲಿಂಕ್ಡ್‌ಇನ್‌ನಲ್ಲಿ ನಿಮ್ಮ ಜೊತೆ ಸೇರಿಕೊಂಡಿರಬೇಕು. ಸುಮ್ನೆ ‘ರೆಕಮೆಂಡ್ ಮಾಡಿ’ ಅಂದರೆ ಅವರಿಗೂ ಏನು ಬರೆಯುವುದು ಅಂತ ತೋಚುವುದಿಲ್ಲ. ‘ಅಣ್ಣ, ನಿಮ್ಮ ಅಂಗಡಿಯ ಎರಡು ಭಾಷೆಯ ಬೋರ್ಡ್ ಮಾಡಿಕೊಟ್ಟೆನಲ್ಲ, ಹೇಳಿದ ದಿನಕ್ಕೆ ಸಿಕ್ಕಿತು, ತಪ್ಪಿರಲಿಲ್ಲ ಅಂತ ಹೇಳಿದ್ದಿರಿ. ಅದನ್ನೇ ಎರಡು ಸಾಲು ಬರೆಯುತ್ತೀರಾ?’ ಇಷ್ಟು ಬಿಡಿಸಿ ಕೇಳಿದರೆ ಬರೆಯುತ್ತಾರೆ.

ಒಂದು ಮುಖ್ಯ ಸಂಗತಿ ಬಿಟ್ಟು ಹೋಗಿತ್ತು. ಕಾಂಟ್ಯಾಕ್ಟ್ ಇನ್ಫೋದಲ್ಲಿ ಹಾಕಿದ ಫೋನ್ ನಂಬರ್ ನಿಮ್ಮ ಕನೆಕ್ಷನ್‌ಗಳಿಗೆ ಮಾತ್ರ ಕಾಣುವುದು. ಹೊಸ ಗಿರಾಕಿಗೆ ಕಾಣುವುದಿಲ್ಲ. ಅದಕ್ಕೆ ಕೆಲಸಕ್ಕೆಂದೇ ಒಂದು ಇಮೇಲ್ ಮಾಡಿ, ಅಬೌಟ್‌ನಲ್ಲಿ ಹಾಕಿ, ದಿನಕ್ಕೊಮ್ಮೆ ತೆರೆದು ನೋಡಿ.