ಸುತ್ತಿಗೆ ಎತ್ತುವ ಮೊದಲು ಕನ್ನಡಕ

ಕೇಳುಗರಿಗೆ ನಮಸ್ಕಾರ. ಪೀಣ್ಯದಲ್ಲೋ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೋ ರೇಡಿಯೊ ಹಾಕಿಕೊಂಡು ಕೆಲಸ ಮಾಡುತ್ತಿರುವ ಫಿಟ್ಟರ್‌ಗಳೇ, ಟರ್ನರ್‌ಗಳೇ, ಕಣ್ಣಿನ ವೈದ್ಯನಾಗಿ ನಾನು ಹೇಳಬೇಕಾದದ್ದು ಒಂದೇ ಮಾತು: ಸುತ್ತಿಗೆ ಎತ್ತುವ ಮೊದಲು ರಕ್ಷಣಾ ಕನ್ನಡಕ ಹಾಕಿಕೊಳ್ಳಿ. ಗ್ರೈಂಡರ್ ಮುಂದೆ ಹಾಕುತ್ತೀರಿ, ಏಕೆಂದರೆ ಅಲ್ಲಿ ಕಿಡಿ ಕಾಣುತ್ತದೆ. ಚಿಸೆಲ್, ಅಂದರೆ ಕಬ್ಬಿಣ ಕಡಿಯುವ ಉಳಿ, ಹಿಡಿದಾಗ ಮಾತ್ರ ‘ಎರಡೇ ಏಟು, ಅದಕ್ಕೇನು’ ಎನ್ನುತ್ತೀರಿ. ಕಣ್ಣನ್ನು ತೂರಿ ಒಳಹೋಗುವುದು ಹೆಚ್ಚಾಗಿ ಆ ಏಟಿನ ಚೂರೇ.

ಒಬ್ಬ ಫಿಟ್ಟರ್ ನನ್ನ ಬಳಿ ಬಂದಿದ್ದರು. ಅವರ ಹಳೆಯ ಚಿಸೆಲ್ಲಿನ ತಲೆ ಏಟು ತಿಂದು ತಿಂದು ಅಣಬೆಯಂತೆ ಅರಳಿತ್ತು. ಸಿಕ್ಕಿಕೊಂಡಿದ್ದ ನಟ್ಟೊಂದನ್ನು ಸೀಳಲು ಹೊಡೆದಾಗ ಕಣ್ಣು ಚುರುಕ್ಕೆಂದಿತು. ನೀರು ಎರಚಿಕೊಂಡರು. ನೋವಿಲ್ಲ, ರಕ್ತವಿಲ್ಲ, ಎಲ್ಲವೂ ಚೆನ್ನಾಗಿಯೇ ಕಾಣುತ್ತಿತ್ತು. ಕೆಲಸ ಮುಂದುವರಿಸಿದರು. ತಿಂಗಳುಗಳು ಕಳೆದ ಮೇಲೆ ರಾತ್ರಿ ಸ್ಕೂಟರ್ ಓಡಿಸುವಾಗ ಆ ಕಣ್ಣು ಮಬ್ಬಾಗತೊಡಗಿತು. ಪೊರೆ ಬಂದಿರಬೇಕೆಂದು ತಪಾಸಣೆಗೆ ಬಂದರು. ನೋಡಿದರೆ, ಪಾಪೆಯ ಸುತ್ತಲಿನ ಬಣ್ಣ ಆ ಒಂದು ಕಣ್ಣಿನಲ್ಲಿ ಮಾತ್ರ ತುಕ್ಕಿನ ಕಂದಿಗೆ ತಿರುಗಿತ್ತು. ಎಕ್ಸ್‌-ರೇಯಲ್ಲಿ ಉಕ್ಕಿನ ಚೂರು ಕಾಣಿಸಿತು. ಕಬ್ಬಿಣ ಕಣ್ಣೊಳಗೆ ಕರಗುತ್ತಾ ಅಕ್ಷಿಪಟಲವನ್ನು ಕೊಲ್ಲುತ್ತದೆ. ಇದಕ್ಕೆ ಸಿಡೆರೋಸಿಸ್ ಎನ್ನುತ್ತೇವೆ. ಚೂರನ್ನು ತೆಗೆದೆವು, ಹೋದ ದೃಷ್ಟಿ ಬರಲಿಲ್ಲ. ಅವರ ಪೆಟ್ಟಿಗೆಯಲ್ಲಿ ರಕ್ಷಣಾ ಕನ್ನಡಕ ಇತ್ತು! ಗ್ರೈಂಡಿಂಗ್‌ಗೆಂದು ತೆಗೆದಿಟ್ಟಿದ್ದರಂತೆ. ಸುತ್ತಿಗೆಗೂ ಅದು ಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಅದಕ್ಕೇ ಮತ್ತೆ ಹೇಳುತ್ತೇನೆ: ಸುತ್ತಿಗೆ ಎತ್ತುವ ಮೊದಲು ಕನ್ನಡಕ.

ಓದುವ ಕನ್ನಡಕ ಸಾಲದು, ಅದರ ಪಕ್ಕಗಳು ತೆರೆದಿರುತ್ತವೆ. ಕೊಳ್ಳುವಾಗ ಐ.ಎಸ್. 5983 ಎಂಬ ಭಾರತೀಯ ಮಾನಕದ ಗುರುತು ನೋಡಿ. ಮಾಲೀಕರೇ, ಕಣ್ಣಿನ ರಕ್ಷಣೆ ಒದಗಿಸಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 35ನೆಯ ಕಲಮಿನಲ್ಲೇ ಬರೆದಿತ್ತು. ಇನ್ನೂ ಎಷ್ಟು ವರ್ಷ ಹೇಳಿಸಿಕೊಳ್ಳುತ್ತೀರಿ?

ಸಮಯ ಮುಗಿಯುತ್ತಾ ಬಂದಿದೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಅರಳಿದ ಚಿಸೆಲ್ ತಲೆಯನ್ನು ಗ್ರೈಂಡರ್‌ಗೆ ಹಿಡಿದು ಸವರಿ. ಹಿಡಿಯಿಲ್ಲದ ಅರವನ್ನು ಮುಟ್ಟಬೇಡಿ, ಅದರ ಚೂಪು ಬಾಲ ಅಂಗೈಗೆ ಇಳಿಯುತ್ತದೆ. ಕಣ್ಣಿಗೆ ಚೂರು ಬಿದ್ದರೆ ಉಜ್ಜಬೇಡಿ, ಕರವಸ್ತ್ರದ ತುದಿಯಿಂದಲೋ ಕಡ್ಡಿಯಿಂದಲೋ ಕೆದಕಿಸಿಕೊಳ್ಳಬೇಡಿ. ಅದೇ ದಿನ ಕಣ್ಣಾಸ್ಪತ್ರೆಗೆ ಹೋಗಿ. ಸುತ್ತಿಗೆಯ ಏಟಿನಿಂದ ಸಿಡಿದದ್ದು ಎಂದು ಬಾಯಿಬಿಟ್ಟು ಹೇಳಿ, ಆಗ ವೈದ್ಯರು ಎಕ್ಸ್‌-ರೇ ಅಥವಾ ಸಿ.ಟಿ. ಮಾಡಿಸಿ ಒಳಗೆ ಹುಡುಕುತ್ತಾರೆ. ಮುಂದೆ ಬೇರೆ ಯಾವ ಕಾಯಿಲೆಗಾದರೂ ಎಂ.ಆರ್.ಐ. ಮಾಡಿಸಬೇಕಾಗಿ ಬಂದರೂ ಈ ಸಂಗತಿಯನ್ನು ಮೊದಲೇ ತಿಳಿಸಿ. ಆ ಯಂತ್ರದ ಅಯಸ್ಕಾಂತ ಕಣ್ಣೊಳಗಿನ ಉಕ್ಕನ್ನು ಎಳೆಯುತ್ತದೆ. ನಮಸ್ಕಾರ.