ಎಕ್ಸ್‌ರೇಯಲ್ಲಿ ಕಂಡ ಉಬ್ಬು

ನಮಸ್ಕಾರ. ಮುಖದ ಸುತ್ತ ಮಷೀನು ತಿರುಗಿ, ಎಲ್ಲ ಹಲ್ಲೂ ಒಂದೇ ಚಿತ್ರದಲ್ಲಿ ಬರುವ ಎಕ್ಸ್‌ರೇ ತೆಗೆಸಿದ್ದೀರಲ್ವಾ? ಅದೇ ಓಪಿಜಿ. ಅದರಲ್ಲಿ ಮೇಲಿನ ದವಡೆ ಹಲ್ಲಿನ ಬೇರುಗಳ ಮೇಲೆ ಕಪ್ಪಗೆ ಕಾಣುವುದು ಸೈನಸ್, ಅಂದರೆ ಕೆನ್ನೆಯ ಹಿಂದೆ ಮೂಳೆಯೊಳಗಿರುವ ಗಾಳಿಗೂಡು. ಕೆಲವರಿಗೆ ಅದರ ತಳದಲ್ಲಿ, ತಟ್ಟೆಗೆ ಮಗುಚಿದ ಇಡ್ಲಿಯ ಹಾಗೆ, ಒಂದು ಮಸುಕಾದ ಉಬ್ಬು ಕಾಣುತ್ತದೆ. ಸೈನಸ್ಸಿನ ಒಳಪದರದಡಿ ನೀರು ಸೇರಿಕೊಂಡಿರುತ್ತದೆ, ಅಷ್ಟೇ. ಬೇರೆ ಬೇರೆ ಊರುಗಳ ಲೆಕ್ಕ ನೋಡಿದರೆ, 100 ಓಪಿಜಿಯಲ್ಲಿ ಒಂದೆರಡರಿಂದ ಹಿಡಿದು 14ರವರೆಗೂ ಇದು ಸಿಕ್ಕಿದೆ. ನೋವಿಲ್ಲ, ಔಷಧಿ ಬೇಡ, ಆಪರೇಷನ್ ಬೇಡ.

ಒಬ್ಬರು ಟೀಚರ್ ಬಂದಿದ್ದರು. ಬುದ್ಧಿಹಲ್ಲು ನೋವು ಅಂತ ಬೇರೆ ಕಡೆ ಓಪಿಜಿ ತೆಗೆಸಿದ್ದರು, ರಿಪೋರ್ಟಿನಲ್ಲಿ ಈ ಉಬ್ಬಿಗೆ 'ಸಿಸ್ಟ್' ಅಂತ ಒಂದು ಪದ ಇತ್ತು, ಅಂದರೆ ನೀರು ತುಂಬಿದ ಚೀಲ. ಮೂರು ದಿನದಿಂದ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಿರಲಿಲ್ಲ. ಗಂಡ ಫೈಲು ಎದೆಗೆ ಅವುಚಿಕೊಂಡು ಕೂತಿದ್ದರು. ಆಕೆ ಮೆಲ್ಲಗೆ ಕೇಳಿದರು, "ಡಾಕ್ಟ್ರೇ, ಮಗಳ ಮದುವೆ ಮುಗಿಯೋ ತನಕ ಏನೂ ಆಗಲ್ಲ ಅಲ್ವಾ?" ನನಗೆ ಕರುಳು ಕಿವುಚಿದ ಹಾಗಾಯಿತು. ಆ ಪದದ ಮುಂದೆ 'ತೊಂದರೆ ಇಲ್ಲ' ಅಂತ ಇನ್ನೊಂದು ಸಾಲು ಬರೆಯಲು ಏನು ಕಷ್ಟ, ಹೇಳಿ!

ಉಬ್ಬಿನ ಕೆಳಗಿನ ಹಲ್ಲುಗಳನ್ನು ತಟ್ಟಿ ನೋಡಿದೆ, ತಣ್ಣಗಿನ ಹತ್ತಿ ಮುಟ್ಟಿಸಿದೆ, ಎಲ್ಲ ಹಲ್ಲಿಗೂ ಜೀವ ಇತ್ತು. ಹಲ್ಲಿನಿಂದ ಬೆಳೆದ ಸಿಸ್ಟಿಗೆ ಇರುವಂಥ ಮೂಳೆಯ ಬಿಳಿ ಗೆರೆಯೂ ಉಬ್ಬಿನ ಸುತ್ತ ಇರಲಿಲ್ಲ. "ಇದು ನಿಮಗೇನೂ ಮಾಡುವುದಿಲ್ಲ" ಅಂದೆ. ನಂಬಲಿಲ್ಲ. ಹಳೆಯ ಎಕ್ಸ್‌ರೇ ಇದ್ದರೆ ತನ್ನಿ ಅಂತ ಹೇಳಿ ಕಳಿಸಿದೆ. ಮಾರನೇ ದಿನ, ಬೀರುವಿನಲ್ಲಿ ಸೀರೆಗಳ ಕೆಳಗೆ ಸಿಕ್ಕಿತು ಅಂತ ನಾಲ್ಕು ವರ್ಷದ ಹಿಂದಿನ ಫಿಲ್ಮ್ ತಂದರು. ಎರಡನ್ನೂ ಪಕ್ಕಪಕ್ಕ ಬೆಳಕಿಗೆ ಹಿಡಿದೆವು. ಅದೇ ಇಡ್ಲಿ, ಅದೇ ಜಾಗ, ಅಷ್ಟೇ ದಪ್ಪ! ಗಂಡ ಹೊರಗೆ ಹೋಗಿ ಮಗಳಿಗೆ ಫೋನ್ ಮಾಡಿದರು, ಬಾಗಿಲಾಚೆಯಿಂದ ಅವರ ನಗು ನನಗೆ ಕೇಳಿಸುತ್ತಿತ್ತು.

ಟೈಮ್ ಆಗುತ್ತಾ ಬಂತು, ಬೇಗ ಹೇಳಿಬಿಡುತ್ತೇನೆ. ಸತ್ತ ಹಲ್ಲಿನ ಬೇರಿನಿಂದ ಬೆಳೆಯುವ ಸಿಸ್ಟ್ ಬೇರೆ, ಅದಕ್ಕೆ ಚಿಕಿತ್ಸೆ ಬೇಕು, ಅದಕ್ಕೇ ಹಲ್ಲು ಪರೀಕ್ಷೆ ಮಾಡಿಸಿ ಅನ್ನುವುದು. ಕೆನ್ನೆ ಊದಿದರೆ, ಜೋಮು ಹಿಡಿದರೆ, ಒಂದೇ ಹೊಳ್ಳೆಯಿಂದ ಕೆಟ್ಟ ವಾಸನೆಯ ಸಿಂಬಳ ಬಂದರೆ ಕಾಯಬೇಡಿ. ಅದೇನೂ ಇಲ್ಲದೆ ಬರೀ ಉಬ್ಬು ಕಂಡಿದ್ದರೆ ಸುಮ್ನೆ ಬಿಟ್ಟುಬಿಡಿ, ಎಷ್ಟೋ ಸಲ ತಾನಾಗಿಯೇ ಹೋಗುತ್ತದೆ. ಹಳೆಯ ಫಿಲ್ಮ್ ಮಾತ್ರ ಬಿಸಾಡಬೇಡಿ. ನಮಸ್ಕಾರ.